ಅಪ್‌ಡೇಟ್: ಪ್ಲಗಿನ್ ಒಳಗೆ ರಿಯಾಕ್ಟ್ ಸೇರಿಸಬೇಕಾ ಅಂತ ಕೇಳಿದ್ದೆನಲ್ಲ

ಬದಿಯಡ್ಕದ ಅಡಿಕೆ ಅಂಗಡಿಗೆ ಬಿಲ್ಲಿಂಗ್ ಆ್ಯಪ್ ಮಾಡಿದ್ದೆ. ತೂಕ, ದಾಸ್ತಾನು ಎಲ್ಲ ಬೇರೆ ಬೇರೆ ಪ್ಲಗಿನ್ (ಮುಖ್ಯ ಆ್ಯಪ್‌ಗೆ ಜೋಡಿಸುವ ತುಣುಕು), ಪ್ರತಿಯೊಂದರಲ್ಲೂ ರಿಯಾಕ್ಟ್, ಅಂದರೆ ಪರದೆಯ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ, ಇರಬೇಕಾ ಅನ್ನುವುದು ಪ್ರಶ್ನೆ.

ಬೇಡ. ತೂಕದ ಪುಟ ತೆರೆದ ಕೂಡಲೇ ‘ಇನ್‌ವ್ಯಾಲಿಡ್ ಹುಕ್ ಕಾಲ್’ ಅಂತ ದೋಷ ಬರುತ್ತಿತ್ತು (ಹುಕ್ ಅಂದರೆ ಪುಟದ ಮಾಹಿತಿ ನೆನಪಿಡುವಂಥ ಕೆಲಸಕ್ಕೆ ರಿಯಾಕ್ಟ್ ಕೊಡುವ ಫಂಕ್ಷನ್), ನಾನು ಸುಮ್ನೆ ನನ್ನ ಕೋಡ್‌ನಲ್ಲೇ ತಪ್ಪು ಹುಡುಕುತ್ತಾ ಎರಡು ರಾತ್ರಿ ಕಳೆದೆ, ಕೊನೆಗೆ ನೋಡಿದರೆ ಒಂದೇ ಪುಟದಲ್ಲಿ ಎರಡು ರಿಯಾಕ್ಟ್ ಕೂತಿವೆ, ಆ್ಯಪ್‌ನದ್ದೊಂದು, ಪ್ಲಗಿನ್‌ನದ್ದೊಂದು. ಎರಡೂ 18ನೇ ಆವೃತ್ತಿಯೇ! ಆದರೂ ರಿಯಾಕ್ಟ್‌ನ ಪ್ರತಿಗಳು ಎರಡಾದರೆ ಹುಕ್ ನಡೆಯುವುದಿಲ್ಲ.

ಈಗ ಪ್ಲಗಿನ್‌ಗಳಲ್ಲಿ ರಿಯಾಕ್ಟನ್ನು ಪಿಯರ್ ಡಿಪೆಂಡೆನ್ಸಿ ಮಾಡಿದೆ, ಅಂದರೆ ಅದನ್ನು ಮುಖ್ಯ ಆ್ಯಪ್ ಕೊಡಬೇಕು ಅಂತ ಬರೆದಿಟ್ಟೆ. ಅಷ್ಟೇ ಸಾಲದು, ವೆಬ್‌ಪ್ಯಾಕ್‌ನ (ಕೋಡನ್ನೆಲ್ಲ ಕಟ್ಟಿ ಫೈಲ್ ಮಾಡುವ ಸಾಧನ) ಎಕ್ಸ್‌ಟರ್ನಲ್ಸ್‌ನಲ್ಲೂ, ಅಂದರೆ ಫೈಲ್ ಒಳಗೆ ಸೇರಿಸಬಾರದ ಲೈಬ್ರರಿಗಳ ಪಟ್ಟಿಯಲ್ಲೂ, ಬರೆಯಬೇಕು. ದಿನಾಂಕದ ಪುಟ್ಟ ಲೈಬ್ರರಿ ಮಾತ್ರ ಒಳಗೇ ಇದೆ, ಎರಡು ಪ್ರತಿ ಇದ್ದರೂ ಅದು ಜಗಳ ಆಡುವುದಿಲ್ಲ. ಫೈಲೂ ಚಿಕ್ಕದಾಯಿತು, ಮಳೆಗಾಲದ ನೆಟ್‌ಗೆ ಅದೇ ದೊಡ್ಡದು ಅಲ್ವಾ?

ಇನ್ನು ರಿಯಾಕ್ಟ್ 19ಕ್ಕೆ ಹೋಗುವಾಗ ಎಲ್ಲ ಪ್ಲಗಿನ್‌ಗಳನ್ನೂ ಒಟ್ಟಿಗೆ ನೋಡಬೇಕು.