ಹಾಲ್‌ನಲ್ಲಿ ಸ್ಪೀಕರ್ ಕಾಣಬಾರದು, ಮಾವನವರಿಗೆ ವಚನ ಸ್ಪಷ್ಟವಾಗಿ ಕೇಳಬೇಕು. ಏನು ಮಾಡಲಿ?

ಬಿ ಬ್ಲಾಕ್ ಮನೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಎಂ.ಸಿ.ಸಿ. ‘ಬಿ’ ಬ್ಲಾಕ್‌ನಲ್ಲಿದೆ. ಹಾಲ್ ರಿಪೇರಿಗೆ ತೆಗೆದಿದ್ದೇವೆ. ಗಾರೆ ಕೆಲಸ ಮುಗಿಯಲು ಇನ್ನೆರಡು ವಾರ ಇದೆ. ಅಷ್ಟರೊಳಗೆ ಒಂದು ತೀರ್ಮಾನ ಆಗಬೇಕು.

ಮಾವನವರಿಗೆ ಈಗ 78. ಮೂವತ್ತು ವರ್ಷ ಹತ್ತಿ ಗಿರಣಿಯಲ್ಲಿ ದುಡಿದವರು. ಯಂತ್ರದ ಸದ್ದಿಗೆ ಕಿವಿ ಸ್ವಲ್ಪ ಮಂದವಾಗಿದೆ. ಬೆಳಗ್ಗೆ ಪೂಜೆ ಮುಗಿಸಿ ಕೂತರೆ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನ ಬೇಕೇ ಬೇಕು. ಸದ್ಯಕ್ಕೆ ಟಿ.ವಿ. ಸ್ಪೀಕರಿನಲ್ಲೇ ಕೇಳುತ್ತಾರೆ. ‘ರಾಗ ಕೇಳ್ತದಮ್ಮ, ಮಾತು ತಿಳಿಯಲ್ಲ’ ಅನ್ನುತ್ತಾರೆ. ವಚನದಲ್ಲಿ ಮಾತೇ ತಿಳಿಯದಿದ್ದರೆ ಇನ್ನೇನು ಉಳಿಯಿತು ಅಲ್ವಾ?

ಅತ್ತೆಯವರು ಮಾತ್ರ ಕರಿ ಡಬ್ಬ, ಜೋತಾಡೋ ವೈರು ಯಾವುದೂ ಹಾಲ್‌ನಲ್ಲಿ ಕಾಣಕೂಡದು ಅಂತ ಕಡ್ಡಾಯವಾಗಿ ಹೇಳಿದ್ದಾರೆ. ಅವರ ಮಾತೂ ಸರಿಯೇ. ಹಬ್ಬ, ಆರತಿ, ಬಂದ ನೆಂಟರು, ಎಲ್ಲ ಆ ಹಾಲ್‌ನಲ್ಲೇ.

ಹಾಲ್ 18 ಅಡಿ ಉದ್ದ, 13 ಅಡಿ ಅಗಲ, 10 ಅಡಿ ಎತ್ತರ. ನೆಲಕ್ಕೆ ನುಣ್ಣನೆಯ ಟೈಲ್ಸ್, ಒಂದು ಕಡೆ ದೊಡ್ಡ ಗಾಜಿನ ಕಿಟಕಿ. ಮಗಳು ಚಪ್ಪಾಳೆ ತಟ್ಟಿದರೆ ಠಣ್ ಅಂತ ವಾಪಸ್ ಬರುತ್ತದೆ. ಇಂಟೀರಿಯರ್‌ನವರು ಫಾಲ್ಸ್ ಸೀಲಿಂಗ್‌ನಲ್ಲಿ ನಾಲ್ಕು ದುಂಡು ಸ್ಪೀಕರ್ ಕೂರಿಸಿಬಿಡೋಣ ಅನ್ನುತ್ತಿದ್ದಾರೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಎಲ್ಲ ಸೇರಿ 70 ಸಾವಿರ ಇಟ್ಟುಕೊಂಡಿದ್ದೇವೆ. ಮಾಡಿಸಿ ಅನುಭವ ಇರುವವರು ದಯವಿಟ್ಟು ಹೇಳಿ.

ಕೋಟೆ ಬುಡದವನು, ಚಿತ್ರದುರ್ಗ

ಅಕ್ಕಾ, ಸೀಲಿಂಗ್ ಸ್ಪೀಕರ್ ಬೇಡ. ನಾನು ಆರು ವರ್ಷದ ಹಿಂದೆ ಹಾಕಿಸಿದ್ದೆ. ಹೋಟೆಲ್‌ನಲ್ಲಿ ಊಟ ಮಾಡುತ್ತಾ ಕೇಳಲು ಅದು ಸಾಕು. ಕೂತು ಕೇಳುವವರಿಗೆ ಹಾಡುವವರು ಎದುರಿಗಿರಬೇಕು, ಅಲ್ಲಿ ತಲೆ ಮೇಲೆ ಇರುತ್ತಾರೆ. ಎರಡೇ ವರ್ಷಕ್ಕೆ ತೆಗೆಸಿದೆ. ಆ ತೂತು ಮುಚ್ಚಿಸಲು ಪಿ.ಒ.ಪಿ. ಕೆಲಸದವರನ್ನು ಮತ್ತೆ ಕರೆಸಬೇಕಾಯಿತು.

ನಿಮ್ಮ ಮಾವನವರಿಗೆ ‘ಮಾತು’ ಬೇಕು. ಮಾತು ಬಿಡಿಸಿ ತಿಳಿಯುವುದು ಸ, ಶ, ಚ, ತ ಇಂಥ ಅಕ್ಷರಗಳಿಂದ. ಅವುಗಳ ಸದ್ದೆಲ್ಲ ಮೇಲಿನ ಸ್ವರದ ಕಡೆಯದು. 3000 ಹರ್ಟ್ಜ್, ಅಂದರೆ ಸೆಕೆಂಡಿಗೆ 3000 ಸಲ ಕಂಪಿಸುವ ಸದ್ದಿನ ಅಲೆ ಸುಮಾರು 11 ಸೆಂಟಿಮೀಟರ್. ಇಷ್ಟು ಚಿಕ್ಕ ಅಲೆ ಹಲಗೆ ಅಡ್ಡ ಬಂದರೆ ಅಲ್ಲೇ ನಿಲ್ಲುತ್ತದೆ. ತಬಲಾದ ಎಡದ ಗುಂಕಾರ ಹಾಗಲ್ಲ. 80 ಹರ್ಟ್ಜ್‌ನ ಅಲೆ 4 ಮೀಟರ್‌ಗಿಂತ ಉದ್ದ, ಸೋಫಾ ಸುತ್ತಿ ಬಂದು ಕಿವಿ ಸೇರುತ್ತದೆ. ಅದಕ್ಕೇ ಮಂದ್ರದ ಸದ್ದಿಗಷ್ಟೇ ಇರುವ ಸಬ್‌ವೂಫರನ್ನು ಎಲ್ಲಿ ಬೇಕಾದರೂ ಬಚ್ಚಿಡಬಹುದು, ಸ್ಪೀಕರನ್ನು ಆಗುವುದಿಲ್ಲ. ನಿಮಗೆ ಸದ್ಯ ಸಬ್‌ವೂಫರ್ ಬೇಕಿಲ್ಲ ಬಿಡಿ. ಕಪಾಟಿನಲ್ಲಿ ಕೂರುವಷ್ಟು ಚಿಕ್ಕದಾದ, ಒಳ್ಳೆಯ ಎರಡು ಬುಕ್‌ಶೆಲ್ಫ್ ಸ್ಪೀಕರ್, ಒಂದು ಆಂಪ್ಲಿಫೈಯರ್ ಸಾಕು.

ನಾನು ಆಮೇಲೆ ಮಾಡಿಸಿದ್ದು ಹೀಗೆ. ಟಿ.ವಿ. ಯೂನಿಟ್‌ನ ಎರಡೂ ಬದಿಗೆ 18 ಎಂ.ಎಂ. ಪ್ಲೈವುಡ್‌ನಲ್ಲಿ ಗೂಡು ಮಾಡಿಸಿದೆ. ಹಳೇ ಮನೆಯ ಗೋಡೆಯಲ್ಲಿ ದೀಪದ ಗೂಡು ಇರುತ್ತಲ್ಲ, ಹಾಗೇ. ಸ್ಪೀಕರಿನ ಮುಖ ಗೂಡಿನ ಅಂಚಿಗೆ ಸಮ ಬರಬೇಕು. ಒಳಗೆ ತಳ್ಳಿದರೆ ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗಾಗುತ್ತದೆ. ಸ್ಪೀಕರಿನಲ್ಲಿ ಚಿಕ್ಕ ಗುಮ್ಮಟದ ಹಾಗಿರುವ ಟ್ವೀಟರ್ ಇರುತ್ತದಲ್ಲ, ಅದು ಮಾವನವರು ಕೂತಾಗ ಅವರ ಕಿವಿ ಎಷ್ಟು ಎತ್ತರವೋ ಅಷ್ಟೇ ಎತ್ತರಕ್ಕಿರಲಿ. ಕುರ್ಚಿಯಲ್ಲಿ ಕೂರಿಸಿ ಟೇಪ್ ಹಿಡಿದು ಅಳೆಯಿರಿ, ಸುಮಾರು ಮೂರು ಅಡಿಯ ಮೇಲೆ ಬರುತ್ತದೆ.

ಗೂಡಿಗೆ ಬಾಗಿಲು ಬೆತ್ತದ ಹೆಣಿಗೆಯದು. ನೋಡಿದವರಿಗೆ ಬರೀ ಬೀರು ಅನಿಸುತ್ತದೆ. ಆದರೆ ನನ್ನ ಬಡಗಿ ಧೂಳು ಬರಬಾರದು ಅಂತ ಹಿಂದೆ ದಪ್ಪ ಬಟ್ಟೆ ಅಂಟಿಸಿದ. ಗೋಂದು ಬಟ್ಟೆಯ ಕಣ್ಣೆಲ್ಲ ಮುಚ್ಚಿತು, ದನಿ ಕಂಬಳಿ ಹೊದ್ದುಕೊಂಡ ಹಾಗಾಯಿತು. ಎಲ್ಲ ಕಿತ್ತು ತೆಳು ಸ್ಪೀಕರ್ ಬಟ್ಟೆ ಹಾಕಿದೆ, ಗೋಂದು ಅಂಚಿಗೆ ಮಾತ್ರ. ಬಟ್ಟೆ ಕೊಳ್ಳುವಾಗ ಬಾಯಿಗೆ ಹತ್ತಿರ ಹಿಡಿದು ಊದಿ. ಉಸಿರು ಆ ಕಡೆ ಅಂಗೈಗೆ ತಾಗಬೇಕು.

ಇನ್ನೊಂದು. ಮಂದ್ರದ ಒಂದು ಸ್ವರಕ್ಕೆ ಮಾತ್ರ ‘ಝರ್ರ್’ ಅನ್ನುತ್ತಿತ್ತು. ಸ್ಪೀಕರೇ ಒಡೆಯಿತು ಅಂದುಕೊಂಡು ಎರಡು ದಿನ ಹುಡುಕಿದೆ. ಕೊನೆಗೆ ಹಾಡು ನಡೆಯುವಾಗ ಬಾಗಿಲ ಮೇಲೆ ಸುಮ್ನೆ ಬೆರಳಿಟ್ಟೆ, ಸದ್ದು ನಿಂತಿತು. ಬಾಗಿಲು ಚೌಕಟ್ಟಿಗೆ ಬಡಿಯುತ್ತಿತ್ತು. ತಾಗುವ ಜಾಗಕ್ಕೆ ಫೆಲ್ಟ್ ಪಟ್ಟಿ ಅಂಟಿಸಿದ ಮೇಲೆ ಸರಿಯಾಯಿತು.

ಸ್ಪೀಕರಿನ ಹಿಂದೆ ಗಾಳಿಯ ತೂತು ಇದ್ದರೆ ಗೂಡಿನಲ್ಲಿ ಸದ್ದು ಗವ್ವೆನ್ನುತ್ತದೆ. ಮುಂದೆ ತೂತಿರುವುದನ್ನೇ ತೆಗೆದುಕೊಳ್ಳಿ.

ನಿಮ್ಮ ‘ಠಣ್’ ಇದೆಯಲ್ಲ, ಅದನ್ನು ಕಳೆಯದೆ ಎಷ್ಟು ಸಾವಿರದ ಸ್ಪೀಕರ್ ತಂದರೂ ಮಾತು ತಿಳಿಯುವುದಿಲ್ಲ. ಗಾಜಿಗೆ ದಪ್ಪ ಪರದೆ ಹಾಕಿ, ನೆರಿಗೆ ಜಾಸ್ತಿ ಇರಲಿ. ಸ್ಪೀಕರಿಗೂ ಕುರ್ಚಿಗೂ ನಡುವೆ ಜಮಖಾನ ಹಾಸಿ. ನಾನು ಹಿಂದಿನ ಗೋಡೆಗೆ ಚಳ್ಳಕೆರೆ ಕಂಬಳಿಯನ್ನೇ ಚೌಕಟ್ಟಿನ ಮೇಲೆ ಎಳೆದು ಕಟ್ಟಿಸಿದ್ದೇನೆ, ಗೋಡೆಯಿಂದ ಮೂರು ಇಂಚು ಬಿಟ್ಟು. ಹಿಂದೆ ಗಾಳಿ ಇದ್ದರೆ ಉಣ್ಣೆ ಸದ್ದನ್ನು ಇನ್ನೂ ಚೆನ್ನಾಗಿ ಹೀರುತ್ತದೆ. ಕರಿ ಅಂಚಿನ ಕಂಬಳಿ ಗೋಡೆಗೆ ಬಹಳ ಲಕ್ಷಣವಾಗಿ ಕಾಣುತ್ತದೆ.

ವೈರಿಂಗ್ ಕೆಲಸ, ಹರಿಹರ

ಮೇಡಂ, ಗಾರೆ ಮುಗಿಯುವ ಮೊದಲೇ ಸ್ಪೀಕರ್ ವೈರಿಗೆ ಪೈಪ್ ಹಾಕಿಸಿಬಿಡಿ. 25 ಎಂ.ಎಂ. ಪೈಪ್, ಒಳಗೆ ಎಳೆಯುವ ತಂತಿ ಬಿಟ್ಟಿರಲಿ. ಕರೆಂಟಿನ ಪೈಪಿನಿಂದ ಒಂದು ಅಡಿ ದೂರ ಇರಬೇಕು. ಹಾಯಲೇಬೇಕಾದರೆ ಅಡ್ಡ ಹಾಯಲಿ, ಜೊತೆಜೊತೆಗೆ ಬೇಡ. ಇಲ್ಲದಿದ್ದರೆ ಗುಂಯ್ ಅಂತ ಸದ್ದು ಸೇರಬಹುದು.

ನಿಮ್ಮ ಹಾಲ್‌ಗೆ 1.5 ಚದರ ಎಂ.ಎಂ. ತಾಮ್ರದ ಸ್ಪೀಕರ್ ವೈರ್ ಧಾರಾಳ ಸಾಕು. ಸಾವಿರಾರು ರೂಪಾಯಿಯ ವೈರ್ ಬೇಡವೇ ಬೇಡ. ಆದರೆ ತಾಮ್ರವೇ ಇರಲಿ. ಒಂದು ಎಳೆ ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಎರಡೂ ಸ್ಪೀಕರಿಗೆ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಬೇಕು. ಒಂದು ಕಡೆ ತಿರುಗಿದರೆ ದನಿ ಎರಡು ಸ್ಪೀಕರಿನ ನಡುವಿನಿಂದ ಬಂದ ಹಾಗೆ ಕೇಳುವುದಿಲ್ಲ.

ಆಂಪ್ಲಿಫೈಯರನ್ನು ಮಾತ್ರ ಮುಚ್ಚಿದ ಖಾನೆಯಲ್ಲಿ ಇಡಬೇಡಿ. ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ಲ. ಮೇಲೆ ನಾಲ್ಕು ಇಂಚಾದರೂ ಖಾಲಿ ಬಿಡಿ, ಖಾನೆಯ ಹಿಂಬದಿ ತೆರೆದಿರಲಿ.

ವಿದ್ಯಾನಗರ ಶ್ರೋತೃ, ದಾವಣಗೆರೆ

ಅಮ್ಮಾ, ಒಂದೇ ಮಾತು. ಗಿರಣಿ ಸದ್ದಿಗೆ ಕಿವಿ ಮಂದವಾಗುವುದು ಮೊದಲು 4000 ಹರ್ಟ್ಜ್ ಆಸುಪಾಸಿನಲ್ಲೇ. ದುರ್ಗದವರು ಹೇಳಿದ ಅಕ್ಷರಗಳ ಸದ್ದು ಇರುವುದೂ ಆ ಕಡೆಯೇ. ಸ್ಪೀಕರ್ ಕೊಳ್ಳುವ ಮುಂಚೆ ಮಾವನವರಿಗೆ ಕಿವಿ ಪರೀಕ್ಷೆ ಮಾಡಿಸಿ. ನಮ್ಮ ತಂದೆಯವರಿಗೆ ನಾನು ತಡ ಮಾಡಿದೆ, ಆ ಬೇಜಾರು ನನಗೆ ಈಗಲೂ ಇದೆ. ಕುರ್ಚಿಯನ್ನೂ ಹಿಂದಿನ ಗೋಡೆಗೆ ತಾಗಿಸಬೇಡಿ. ಸ್ಪೀಕರಿನಿಂದ ಏಳೆಂಟು ಅಡಿಗೆ ತನ್ನಿ.

ಬಿ ಬ್ಲಾಕ್ ಮನೆ, ದಾವಣಗೆರೆ

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಕಿವಿ ಪರೀಕ್ಷೆ ಮೊದಲು ಮಾಡಿಸಿದೆವು. ಎಡಗಿವಿಗೆ ಯಂತ್ರ ಬಂತು. ಗೂಡು, ಬೆತ್ತದ ಬಾಗಿಲು, ಪೈಪ್ ಎಲ್ಲ ನೀವು ಹೇಳಿದ ಹಾಗೇ. ಬಟ್ಟೆ ಅಂಗಡಿಯಲ್ಲಿ ನಾನು ಊದಿ ಊದಿ ನೋಡುತ್ತಿದ್ದರೆ ಅಂಗಡಿಯವರು ಇನ್ನೂ ಎರಡು ಥಾನು ತೆಗೆದು ಕೊಟ್ಟರು. ಚಪ್ಪಾಳೆ ತಟ್ಟಿದರೆ ಈಗ ಬರೀ ಚಪ್ಪಾಳೆ.

ಮೊದಲ ದಿನ ಮಾವನವರು ಕೂತು ಕೇಳಿದರು. ನಡುವೆ ಕೈ ಎತ್ತಿ ನಿಲ್ಲಿಸಲು ಹೇಳಿದರು. ನಮಗೆಲ್ಲ ಗಾಬರಿ. ‘ಇಷ್ಟು ದಿನ ಇಲ್ಲಿ ಬೇರೆ ಪದ ಅಂದ್ಕೊಂಡಿದ್ದೆ, ಮತ್ತೆ ಹಾಕಮ್ಮ’ ಅಂದರು. ಅದೇ ಸಾಲನ್ನು ನಾಲ್ಕು ಸಲ ಕೇಳಿದರು. ಅತ್ತೆಯವರು ಬೆತ್ತದ ಬಾಗಿಲನ್ನು ದಿನಾ ತಾವೇ ಒರೆಸುತ್ತಾರೆ.

ಅಣ್ಣಾ, ಕಂಬಳಿ ಚಳ್ಳಕೆರೆಯಿಂದಲೇ ತರಿಸಿ ಕಟ್ಟಿಸಿದೆವು. ಅದಕ್ಕೆ ನುಸಿ ಹಿಡಿಯದ ಹಾಗೆ ಏನು ಮಾಡುತ್ತೀರಿ?

ಕೋಟೆ ಬುಡದವನು, ಚಿತ್ರದುರ್ಗ

ಓದಿ ತುಂಬಾ ಸಂತೋಷವಾಯಿತು ಅಕ್ಕಾ. ಒಣಗಿದ ಬೇವಿನ ಸೊಪ್ಪನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಕಂಬಳಿಯ ಹಿಂದೆ ತೂಗುಹಾಕಿ. ವರ್ಷಕ್ಕೆ ಎರಡು ಸಲ ಬಿಚ್ಚಿ, ಕೊಡವಿ, ಒಂದು ಹಗಲು ಬಿಸಿಲಿಗೆ ಹಾಕಿ. ನೀರಿಗೆ ಮಾತ್ರ ಅದ್ದಬೇಡಿ, ಕುಗ್ಗಿದರೆ ಚೌಕಟ್ಟಿಗೆ ಕೂರುವುದಿಲ್ಲ.