ಮಬ್ಬು ಡಬಲ್ ಐಪಿಎಗೆ ಮೂರು ಅಂಕ ಕೊಟ್ಟೆ: ನನ್ನ ನಾಲಿಗೆಯ ತಪ್ಪೇ, ಬಿಯರಿನ ತಪ್ಪೇ?

ಪ್ರಶ್ನೆ

ನಮಸ್ಕಾರ ಸರ್. ನಾನು ಹಾಸನದವನು, ಆರು ವರ್ಷಗಳಿಂದ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದ್ದೇನೆ. ಐಪಿಎ ಎಂದರೆ ಇಂಡಿಯಾ ಪೇಲ್ ಏಲ್, ಹಾಪ್ಸ್ ಹೂವಿನ ಕಹಿ ಮತ್ತು ಘಮ ಎದ್ದು ಕಾಣುವ ಬಿಯರ್. ಈ ಸೀಮೆಯಲ್ಲಿ ಅದರ ಹೇಜಿ ಐಪಿಎ ಎಂಬ ಮಬ್ಬು ಬಗೆಯ ಹುಚ್ಚು ಎಷ್ಟಿದೆಯೆಂದರೆ, ಹೊಸ ಬಿಯರ್ ಬಂದ ದಿನ ಬ್ರೂವರಿಯ ಮುಂದೆ ಜನ ನ್ಯಾಯಬೆಲೆ ಅಂಗಡಿಯ ಹಾಗೆ ಸಾಲುಗಟ್ಟುತ್ತಾರೆ. ಕಳೆದ ಶನಿವಾರ ನಾನೂ ನಿಂತು ಎರಡು ಕ್ಯಾನ್ ಡಬಲ್ ಐಪಿಎ, ಅಂದರೆ ಅದರದೇ ಹೆಚ್ಚು ಖಡಕ್ಕಾದ ರೂಪ, ತಂದೆ. 473 ಮಿಲಿಲೀಟರಿನ ಕ್ಯಾನ್, ಆಲ್ಕೋಹಾಲ್ ಶೇಕಡಾ 8.2. ಒಂದನ್ನು ಅಂದೇ ನಾಲ್ವರು ಸ್ನೇಹಿತರು ಹಂಚಿಕೊಂಡೆವು. ಉಳಿದ ಮೂವರು ಮೊಬೈಲ್ ತೆಗೆದು ಬಿಯರಿಗೆ ಅಂಕ ಕೊಡುವ ಆ್ಯಪ್‌ನಲ್ಲಿ ಐದಕ್ಕೆ ನಾಲ್ಕೂವರೆ ಒತ್ತಿದರು. ನಾನು ಕೊಟ್ಟದ್ದು ಮೂರು. ಮಾವಿನ ಘಮವೇನೋ ಇತ್ತು. ಆದರೆ ಎರಡನೆಯ ಗುಟುಕಿಗೇ ಹಸಿ ಸುವರ್ಣಗಡ್ಡೆ ಕಚ್ಚಿದ ಹಾಗೆ ಗಂಟಲು ಕೆರೆಯಿತು. ಕೊನೆಗೆ ಹೆಚ್ಚಿಟ್ಟ ಈರುಳ್ಳಿಯ ವಾಸನೆ. ಹೇಳಿದ್ದಕ್ಕೆ "ನಿನಗೆ ಊರಿನ ಮಾಮೂಲಿ ಲಾಗರ್ ಬಿಯರೇ ಸರಿ" ಎಂದು ನಕ್ಕರು. ತೀರ್ಪುಗಾರರು ಇಂಥ ಬಿಯರಿಗೆ ಅಂಕ ಕೊಡುವುದು ಹೇಗೆ? ನನ್ನ ನಾಲಿಗೆಯೇ ಸರಿಯಿಲ್ಲವೇ?

ಉತ್ತರ

ನಾಲಿಗೆಯ ವಿಚಾರಣೆ ಆಮೇಲೆ ಮಾಡೋಣ. ಮೊದಲು ಮೂರು ವಿಷಯ ಹೇಳಿ. ಕ್ಯಾನಿನ ತಳದಲ್ಲಿ ಮುದ್ರಿಸಿದ ದಿನಾಂಕ ಯಾವುದು? ಬಿಯರ್ ಎಷ್ಟು ತಣ್ಣಗಿತ್ತು? ಯಾವುದರಲ್ಲಿ ಸುರಿದುಕೊಂಡಿರಿ? ಜೊತೆಗೆ ಏನು ತಿಂದಿರಿ ಎನ್ನುವುದನ್ನೂ ಹೇಳಿದರೆ ಒಳ್ಳೆಯದು.

ಪ್ರಶ್ನೆ ಕೇಳಿದವರು

ತುಂಬಿ ಐದೇ ದಿನವಾಗಿತ್ತು ಸರ್, ಅಷ್ಟು ತಾಜಾ. ಫ್ರೀಜರಿನಲ್ಲಿ ಮುಕ್ಕಾಲು ಗಂಟೆ ಇಟ್ಟಿದ್ದೆವು. ಗಾಜಿನ ಗ್ಲಾಸುಗಳು ತೊಳೆಯದೆ ಬಿದ್ದಿದ್ದರಿಂದ ಸ್ಟೀಲ್ ಲೋಟದಲ್ಲಿ ಕುಡಿದೆವು. ತಿಂದದ್ದು ಮೆಣಸಿನಕಾಯಿ ಬಜ್ಜಿ. ನಗಬೇಡಿ.

ಉತ್ತರ

ನಕ್ಕೆ, ಕ್ಷಮಿಸಿ. ಆದರೆ ನಿಮ್ಮ ನಾಲಿಗೆ ಚೆನ್ನಾಗಿಯೇ ಇದೆ. ಅಷ್ಟೆಲ್ಲ ಅಡ್ಡಿಗಳನ್ನು ದಾಟಿ ಈರುಳ್ಳಿಯನ್ನು ಹಿಡಿದಿದೆ.

ಗಂಟಲ ಕೆರೆತದಿಂದ ಶುರು ಮಾಡುತ್ತೇನೆ. ನೀವು ತಾಜಾತನ ಎಂದು ಹೆಮ್ಮೆಪಟ್ಟ ಐದು ದಿನವೇ ಅದಕ್ಕೆ ಕಾರಣವಿರಬಹುದು. ಈ ಬಿಯರುಗಳಿಗೆ ಹುದುಗುವಿಕೆಯ ಕೊನೆಯಲ್ಲಿ, ಕುದಿಸದೆ, ಹಾಪ್ಸ್ ಅನ್ನು ಧಾರಾಳವಾಗಿ ಸುರಿಯುತ್ತಾರೆ. ಇದೇ ಡ್ರೈ ಹಾಪಿಂಗ್. ಆ ಹಾಪ್ಸಿನ ನುಣ್ಣನೆಯ ಚೂರುಗಳೂ ಒಗರಿನ ಪಾಲಿಫಿನಾಲುಗಳೂ ಇನ್ನೂ ತೇಲುತ್ತಿರುವಾಗಲೇ ಕ್ಯಾನಿಗೆ ತುಂಬಿದರೆ ಗಂಟಲು ಉರಿಯುತ್ತದೆ, ಕೆರೆಯುತ್ತದೆ. ಬಿಯರ್ ಮಾಡುವ ನಮ್ಮ ಕಸುಬಿನಲ್ಲಿ ಇದಕ್ಕೆ ಹಾಪ್ ಬರ್ನ್ ಎನ್ನುತ್ತೇವೆ. ಉಳಿದಿರುವ ಕ್ಯಾನನ್ನು ಎರಡು ಮೂರು ವಾರ ಫ್ರಿಜ್ಜಿನಲ್ಲಿ ನಿಲ್ಲಿಸಿಡಿ, ಬಹುಪಾಲು ತಳಕ್ಕೆ ಇಳಿಯುತ್ತದೆ. ಉಪ್ಪಿನಕಾಯಿಯನ್ನು ಹಾಕಿದ ಮರುದಿನವೇ ಯಾರೂ ಬಡಿಸುವುದಿಲ್ಲವಲ್ಲ. ಹಾಗೆಂದು ನಾಲ್ಕು ತಿಂಗಳು ಮರೆಯಬೇಡಿ. ಈ ಜಾತಿಯ ಬಿಯರಿಗೆ ಆಮ್ಲಜನಕವೇ ಯಮ. ಹೊಂಬಣ್ಣ ಮಾಸಿ ಮಣ್ಣುಬಣ್ಣಕ್ಕೆ ತಿರುಗುತ್ತದೆ, ಮಾವಿನ ಘಮ ಹೋಗಿ ನೆನೆದ ರಟ್ಟಿನ ವಾಸನೆ ಬರುತ್ತದೆ.

ಇನ್ನು ಫ್ರೀಜರ್. ಅತಿ ತಣ್ಣಗಿದ್ದರೆ ಘಮವೂ ಸಿಹಿಯೂ ಅಡಗಿ, ಕಹಿ ಮತ್ತು ಒಗರು ಮಾತ್ರ ಎದ್ದು ಕಾಣುತ್ತವೆ. 7ರಿಂದ 10 ಡಿಗ್ರಿ ಸೆಲ್ಸಿಯಸ್ ಸಾಕು. ಬಜ್ಜಿಯ ಖಾರಕ್ಕೆ ಶೇಕಡಾ 8ರ ಆಲ್ಕೋಹಾಲ್ ಸೇರಿದರೆ ಬೆಂಕಿಗೆ ತುಪ್ಪ ಹೊಯ್ದ ಹಾಗೆ. ಲೋಟದ ಸ್ಟೀಲು ಬಿಯರನ್ನು ಕೆಡಿಸುವುದಿಲ್ಲ, ಆದರೆ ಬಾಯಿ ಅಗಲ, ಬಣ್ಣ ಕಾಣದು, ಘಮ ನಿಲ್ಲದು. ಹೊಟ್ಟೆ ದಪ್ಪಗಿದ್ದು ಬಾಯಿ ಕಿರಿದಾದ ವೈನ್ ಗ್ಲಾಸ್ ಸಾಕು.

ಈರುಳ್ಳಿಯ ಬಗ್ಗೆ ನಿಮ್ಮ ಸ್ನೇಹಿತರಿಗೆ ಧೈರ್ಯವಾಗಿ ಹೇಳಿ: ಅದು ನಿಜವಾಗಿಯೂ ಹಾಪ್ಸಿನಿಂದ ಬರುವ ವಾಸನೆ. ಹಾಪ್ಸಿನಲ್ಲಿ ಗಂಧಕದ ಸಂಯುಕ್ತಗಳಿರುತ್ತವೆ. ಕೆಲವು ಚಕ್ಕೋತ, ಪ್ಯಾಶನ್ ಫ್ರೂಟ್‌ಗಳ ಘಮ ಕೊಡುತ್ತವೆ, ಅವುಗಳದೇ ದಾಯಾದಿಗಳು ಈರುಳ್ಳಿ, ಬೆಳ್ಳುಳ್ಳಿಯತ್ತ ಎಳೆಯುತ್ತವೆ. ಮೊಸಾಯಿಕ್, ಸಿಮ್ಕೋ ತಳಿಗಳನ್ನು ತಡವಾಗಿ ಕೊಯ್ದರೆ ಹೀಗಾಗುವುದುಂಟು.

ಈಗ ಅಂಕ. ಬಿಯರ್ ತೀರ್ಪುಗಾರರಿಗೆ ಪರೀಕ್ಷೆ ನಡೆಸಿ ಮಾನ್ಯತೆ ಕೊಡುವ ಬಿಜೆಸಿಪಿ ಎಂಬ ಸಂಸ್ಥೆಯೊಂದು ಅಮೆರಿಕದಲ್ಲಿದೆ. ಅದರ ಹಾಳೆಯಲ್ಲಿ ಒಟ್ಟು 50 ಅಂಕ: ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಸಿಗುವ ಮೈಗೆ (ಎಷ್ಟು ಗಟ್ಟಿ, ಎಷ್ಟು ಮೆತ್ತಗೆ ಎನ್ನುವುದಕ್ಕೆ) 5, ಒಟ್ಟಾರೆ ಅನಿಸಿಕೆಗೆ 10. ನೋಟದ ಮೂರನ್ನು ಮತ್ತೊಮ್ಮೆ ನೋಡಿ. ಬಣ್ಣ, ನೊರೆ, ಮಬ್ಬು ಎಲ್ಲವೂ ಆ ಮೂರರೊಳಗೇ ಹಂಚಿಕೊಳ್ಳಬೇಕು. ಜನ ಫೋಟೋ ಹಾಕಿ ಮೆರೆಸುವ ಮಬ್ಬಿಗೆ ತೀರ್ಪುಗಾರನ ಮೇಜಿನಲ್ಲಿ ಅಷ್ಟೇ ಬೆಲೆ.

ತೀರ್ಪುಗಾರನಾಗಿ ನಾನು ಮಾಡುವುದು ಹೀಗೆ. ಸುರಿದ ಕೂಡಲೇ ಮೂಸುತ್ತೇನೆ, ಏಕೆಂದರೆ ಮೊದಲು ಹಾರಿಹೋಗುವುದೇ ಘಮ. ಮೂಸಿದ್ದನ್ನು ಪದಗಳಲ್ಲಿ ಬರೆಯುತ್ತೇನೆ. ಅಮೆರಿಕದವರು ಪಟ್ಟಿ ಮಾಡಿರುವ ಘಮದ ಪದಗಳನ್ನು ಉರು ಹೊಡೆಯಬೇಕಾಗಿಲ್ಲ. ಸಿಟ್ರಾ ಹಾಪ್ಸ್ ಮೂಸಿದಾಗ ನನಗೆ ಕಾಣುವುದು ಚಕ್ಕೋತದ ಸಿಪ್ಪೆ ಮತ್ತು ಇನ್ನೂ ಪೂರ್ತಿ ಹಣ್ಣಾಗದ ಬಾದಾಮಿ ಮಾವು. ನ್ಯೂಜಿಲೆಂಡಿನ ನೆಲ್ಸನ್ ಸೊವಿನ್ ಮೂಸಿದರೆ ಬಿಳಿ ದ್ರಾಕ್ಷಿ. ಕೊಡಗಿನವರಿಗಂತೂ ಪ್ಯಾಶನ್ ಫ್ರೂಟ್ ಹಿತ್ತಲ ಹಣ್ಣು, ಅವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಆಮೇಲೆ ಒಂದು ದೊಡ್ಡ ಗುಟುಕು, ಬಾಯಿ ತುಂಬ ಆಡಿಸಿ ನುಂಗಿದ್ದು. ವೈನಿನವರ ಹಾಗೆ ಉಗುಳುವ ರೂಢಿ ನಮ್ಮಲ್ಲಿಲ್ಲ, ಬಿಯರಿನ ಕಹಿ ಪೂರ್ತಿ ಗೊತ್ತಾಗುವುದು ನುಂಗಿದ ಮೇಲೆ. ಓಟ್ಸ್, ಗೋಧಿ ಹಾಕಿರುವುದರಿಂದ ಮೈ ಮೆತ್ತಗಿರಬೇಕು, ಗಂಜಿಯಾಗಿರಬಾರದು. ಕಹಿ ಹಿಂದೆ ನಿಂತು ಸಿಹಿಯನ್ನು ಕಾಯಬೇಕು.

ಅಂಕಿ ಬರೆಯುವುದು ಇಷ್ಟೆಲ್ಲ ಆದ ಮೇಲೆ. ಮೊದಲೇ ನಾಲ್ಕೂವರೆ ಒತ್ತಿಬಿಟ್ಟರೆ ನಾಲಿಗೆ ಅದಕ್ಕೆ ಸಮರ್ಥನೆ ಹುಡುಕಲು ಹೊರಡುತ್ತದೆ. ಸಾಲಿನಲ್ಲಿ ಎರಡು ಗಂಟೆ ನಿಂತವರ ಅಂಕದಲ್ಲಿ ಆ ಎರಡು ಗಂಟೆಯೂ ಸೇರಿರುತ್ತದೆ.

ಇನ್ನೊಬ್ಬ ಸದಸ್ಯರು

ಕುಡಿಯುವುದಕ್ಕೂ ಇಷ್ಟು ಶಾಸ್ತ್ರವೇ? ಚೆನ್ನಾಗಿದೆ, ಚೆನ್ನಾಗಿಲ್ಲ ಎಂದರೆ ಸಾಲದೇ? ಅಷ್ಟಕ್ಕೂ ಬಿಯರ್ ತಿಳಿಯಾಗಿರಬೇಕು ಎಂದಲ್ಲವೇ ನಾವು ಕೇಳಿದ್ದು? ಈ ಮಬ್ಬನ್ನು ಗುಣ ಎಂದವರು ಯಾರು?

ಉತ್ತರ

ಸಾಲುತ್ತದೆ, ಕುಡಿಯುವವರಿಗೆ. ಕಾಫಿ ಡಿಕಾಕ್ಷನ್ ನೀರಾಯಿತು ಎಂದು ನೀವು ಮನೆಯಲ್ಲಿ ತಕರಾರು ತೆಗೆಯುವುದಿಲ್ಲವೇ, ಅದೂ ಇದೇ ಶಾಸ್ತ್ರ.

ಮಬ್ಬಿನ ಕಥೆ ಚೆನ್ನಾಗಿದೆ. ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯದಲ್ಲಿ ವಾಟರ್‌ಬರಿ ಎಂಬ ಸಣ್ಣ ಊರು. ಅಲ್ಲಿ ಜಾನ್ ಮತ್ತು ಜೆನ್ ಕಿಮ್ಮಿಕ್ ದಂಪತಿ 2003ರಲ್ಲಿ 'ದಿ ಆಲ್ಕೆಮಿಸ್ಟ್' ಎಂಬ ಪಬ್ ತೆರೆದರು. ಜಾನ್ ಅದಕ್ಕೂ ಮೊದಲು ಬರ್ಲಿಂಗ್ಟನ್ ನಗರದಲ್ಲಿ ಗ್ರೆಗ್ ನೂನನ್ ಅವರ ಬ್ರೂಪಬ್‌ನಲ್ಲಿ, ಅಂದರೆ ತಾನೇ ಬಿಯರ್ ಮಾಡಿ ಮಾರುವ ಪಬ್ಬಿನಲ್ಲಿ, ಪಳಗಿದವರು. ಮುಂದೆ 'ಕೋನನ್' ಎಂದು ಹೆಸರಾದ ಯೀಸ್ಟ್ (ಬಿಯರನ್ನು ಹುದುಗಿಸುವ ಸೂಕ್ಷ್ಮಜೀವಿ) ಜಾನ್ ಅವರಿಗೆ ದೊರೆತದ್ದು ಆ ಗುರುವಿನಿಂದಲೇ. ಈ ಪಬ್ಬಿನ 'ಹೆಡ್ಡಿ ಟಾಪರ್', ಶೇಕಡಾ 8ರ ಡಬಲ್ ಐಪಿಎ. ಸೋಸದೆ, ಮಬ್ಬಾಗಿಯೇ ಕೊಟ್ಟ ಬಿಯರ್. 2011ರ ಆಗಸ್ಟ್‌ನಲ್ಲಿ ಐರೀನ್ ಚಂಡಮಾರುತದ ನೆರೆಗೆ ಪಬ್ ಮುಳುಗಿತು. ಅದೇ ವಾರ ಊರಿನ ಇನ್ನೊಂದು ಕಡೆ ಅವರ ಹೊಸ ಕ್ಯಾನಿಂಗ್ ಘಟಕ ಶುರುವಾಯಿತು, ಪಬ್ಬಿನ ಬಿಯರ್ ಕ್ಯಾನಾಗಿ ಹೊರಬಂತು, ಜನ ದೂರದೂರದಿಂದ ಕಾರಿನಲ್ಲಿ ಬಂದು ಕೊಳ್ಳತೊಡಗಿದರು.

ಆ ಕ್ಯಾನಿನ ಮೇಲೆ 'ಕ್ಯಾನಿನಿಂದಲೇ ಕುಡಿಯಿರಿ' ಎಂದು ಅಚ್ಚು ಹಾಕಿರುತ್ತಾರೆ. ಮಾಡಿದವರ ಮಾತಿಗೆ ಗೌರವವಿದೆ, ಆದರೆ ನಾನು ಗ್ಲಾಸಿಗೇ ಸುರಿಯುತ್ತೇನೆ. 12 ಅಂಕದ ಘಮವನ್ನು ಆ ಸಣ್ಣ ಕಿಂಡಿಯಲ್ಲಿ ಕಳೆದುಕೊಳ್ಳಲಾರೆ.

ಡಬಲ್ ಐಪಿಎ ಅದಕ್ಕಿಂತ ಹಳೆಯದು, ಕ್ಯಾಲಿಫೋರ್ನಿಯಾದ ವಿನ್ನಿ ಸಿಲರ್ಜೊ 1994ರಲ್ಲೇ ಮಾಡಿದ್ದರು. ಅದು ಕಹಿಯ ಬಿಯರ್. ಮಬ್ಬಿನ ಜಾತಿ ಕಹಿಯನ್ನು ತಗ್ಗಿಸಿ ಹಣ್ಣನ್ನು ಮುಂದೆ ತಂದಿತು. ಅಮೆರಿಕದ ಬಿಯರ್ ತಯಾರಕರ ಸಂಘವಾದ ಬ್ರೂವರ್ಸ್ ಅಸೋಸಿಯೇಷನ್ ತನ್ನ ಬಿಯರ್ ಶೈಲಿಗಳ ಪಟ್ಟಿಯಲ್ಲಿ ಮಬ್ಬು ಡಬಲ್ ಐಪಿಎಗೆ ಬೇರೆಯೇ ಸ್ಥಾನ ಕೊಟ್ಟದ್ದು 2018ರಲ್ಲಿ. ಮಬ್ಬನ್ನು ಗುಣ ಎಂದು ಯಾರೂ ಸಾರಲಿಲ್ಲ. ಓಟ್ಸ್ ಮತ್ತು ಗೋಧಿಯ ಪ್ರೋಟೀನ್ ಹಾಪ್ಸಿನ ಪಾಲಿಫಿನಾಲಿನ ಜೊತೆ ಕೂಡಿ ಮಬ್ಬಾಗುತ್ತದೆ, ಅಷ್ಟೇ. ರುಚಿಯ ಹಿಂದೆ ಬಂದ ಗುರುತನ್ನು ಜನ ರುಚಿಯೆಂದೇ ತಿಳಿದರು.

ಬೆಂಗಳೂರಿನ ಸದಸ್ಯರು

ನಮ್ಮ ಕಡೆಯ ಬ್ರೂಪಬ್ ಒಂದರಲ್ಲಿ ಹೇಜಿ ಎಂದು ಕೊಟ್ಟರು. ಗ್ಲಾಸಿನ ತಳದಲ್ಲಿ ಚರಟ ನಿಂತಿತ್ತು, ವಾಸನೆ ಬೆಣ್ಣೆ ಹಾಕಿದ ಪಾಪ್‌ಕಾರ್ನಿನದು. ಇದೂ ಈ ಶೈಲಿಯೇ ಎಂದು ವಾದಿಸಿದರು. ಒಪ್ಪಿಕೊಳ್ಳಬೇಕೇ?

ಉತ್ತರ

ಬೇಡ. ಮಬ್ಬು ಎಂದರೆ ನಿಂಬೆ ಶರಬತ್ತಿನ ಹಾಗೆ ಗ್ಲಾಸಿನುದ್ದಕ್ಕೂ ಒಂದೇ ಸಮ ಇರಬೇಕು. ಚರಟ ಯೀಸ್ಟಿನದಿರಬಹುದು, ಹಾಪ್ಸಿನದಿರಬಹುದು. ಶೈಲಿಯಂತೂ ಅಲ್ಲ.

ಬೆಣ್ಣೆಯ ವಾಸನೆ ಡಯಾಸಿಟೈಲಿನದು, ಹುದುಗುವಾಗ ಹುಟ್ಟುವ ಒಂದು ಸಂಯುಕ್ತದ್ದು. ಇದರ ಬಗ್ಗೆ ಬೇರೆಯವರನ್ನು ಬೈಯುವ ಮೊದಲು ನನ್ನ ತಪ್ಪೊಪ್ಪಿಗೆ ಕೇಳಿ. ನಾನು ಮೊದಲ ಸಲ ಮಬ್ಬು ಐಪಿಎ ಮಾಡಿದಾಗ ಹುದುಗುವಿಕೆ ಮುಗಿಯಿತೆಂದು ಖಚಿತಪಡಿಸಿಕೊಂಡೇ ಡ್ರೈ ಹಾಪ್ ಮಾಡಿದ್ದೆ. ಮೂರನೆಯ ದಿನ ಟ್ಯಾಂಕಿನಲ್ಲಿ ಮತ್ತೆ ಗುಳ್ಳೆ ಏಳತೊಡಗಿತು. ಹಾಪ್ಸಿನಲ್ಲೇ ಇರುವ ಕಿಣ್ವಗಳು, ಯೀಸ್ಟ್ ಮುಟ್ಟದೆ ಬಿಟ್ಟಿದ್ದ ಉದ್ದ ಸಕ್ಕರೆಗಳನ್ನು ಕತ್ತರಿಸಿ ಅದರ ಮುಂದಿಡುತ್ತವೆ. ಯೀಸ್ಟ್ ಎರಡನೆಯ ಪಂಕ್ತಿಗೆ ಕೂರುತ್ತದೆ. ಹಾಪ್ ಕ್ರೀಪ್ ಎನ್ನುವುದು ಇದಕ್ಕೇ. ಈ ಎರಡನೆಯ ಊಟದಲ್ಲಿ ಡಯಾಸಿಟೈಲ್ ಮತ್ತೆ ಹುಟ್ಟುತ್ತದೆ, ಅದನ್ನು ಯೀಸ್ಟೇ ತಿಂದು ಮುಗಿಸಲು ಕೆಲವು ದಿನ ಬಿಡಬೇಕು. ನಾನು ಬಿಡಲಿಲ್ಲ, ತಣ್ಣಗೆ ಮಾಡಿಬಿಟ್ಟೆ. ಇಡೀ ಟ್ಯಾಂಕು ಬೆಣ್ಣೆ ಬಿಸ್ಕತ್ತು. ಚರಂಡಿಗೆ ಬಿಟ್ಟ ದಿನ ಊಟ ಸೇರಲಿಲ್ಲ.

ಈಗ ಪ್ರತಿ ಸಲವೂ ಒಂದಿಷ್ಟು ಬಿಯರನ್ನು ಮುಚ್ಚಿದ ಸೀಸೆಯಲ್ಲಿ 60 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಬಿಸಿಮಾಡಿ, ಆರಿಸಿ ಮೂಸುತ್ತೇನೆ. ಬೆಣ್ಣೆ ಕಂಡರೆ ಟ್ಯಾಂಕ್ ಮುಟ್ಟುವುದಿಲ್ಲ. ನಿಮಗೆ ಬಡಿಸಿದವರು ಈ ಪರೀಕ್ಷೆ ಮಾಡಿರಲಿಕ್ಕಿಲ್ಲ. ಗ್ಲಾಸ್ ವಾಪಸ್ ಕೊಡಿ, ಜಗಳ ಬೇಡ, "ಡಯಾಸಿಟೈಲ್ ಇದೆ" ಎಂದರೆ ಸಾಕು, ಬಿಯರ್ ಮಾಡಿದವರಿಗೆ ಅರ್ಥವಾಗುತ್ತದೆ.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ

ಸರ್, ಎರಡನೆಯ ಕ್ಯಾನ್ ನಿನ್ನೆ ತೆರೆದೆವು. ಫ್ರಿಜ್ಜಿನಿಂದ ಕಾಲು ಗಂಟೆ ಮುಂಚೆ ತೆಗೆದಿಟ್ಟು, ಅಲುಗಾಡಿಸದೆ, ವೈನ್ ಗ್ಲಾಸಿಗೆ. ಬಜ್ಜಿ ಇಲ್ಲ, ಉಪ್ಪಿಲ್ಲದ ಬಿಸ್ಕತ್ತು ಮತ್ತು ನೀರು. ಸ್ನೇಹಿತರಲ್ಲಿ ಒಬ್ಬ ಮಾತ್ರ ಬಂದ.

ನನ್ನ ಟಿಪ್ಪಣಿ: ಸುರಿದಾಗ ರಸಪುರಿ ಮಾವು, ಕಿತ್ತಳೆ ಸಿಪ್ಪೆ, ಹಿಂದೆ ಸ್ವಲ್ಪ ಸೀಬೆ. ಈರುಳ್ಳಿ ಇನ್ನೂ ಇದೆ, ಆದರೆ ಅಡುಗೆಮನೆಯ ಈರುಳ್ಳಿ ನಡುಮನೆಗೆ ಬಂದಷ್ಟು. ಬಣ್ಣ ಮಾಸಿಲ್ಲ, ನೊರೆ ಬಿಳಿ, ಚೆನ್ನಾಗಿ ನಿಂತಿತು. ಗಂಟಲ ಕೆರೆತ ಹೋಗಿದೆ. ಮೈ ಮೆತ್ತಗೆ. ಬಿಸಿಯೇರಿದಂತೆ ಸಿಹಿ ಹೆಚ್ಚಾಗಿ, ಕೊನೆಯಲ್ಲಿ ಆಲ್ಕೋಹಾಲ್ ಎದೆಗೆ ಬೆಚ್ಚಗೆ ತಾಗಿತು. ಕೊನೆಯ ಕಾಲು ಗ್ಲಾಸ್ ಕುಡಿಯಲು ಮನಸ್ಸಾಗಲಿಲ್ಲ.

ಘಮ 10, ನೋಟ 3, ರುಚಿ 15, ಮೈ 4, ಒಟ್ಟಾರೆ 7. ಒಟ್ಟು 39. ನಿಮ್ಮ ಹಾಳೆಯ ಪ್ರಕಾರ 38ರಿಂದ 44 ಎಂದರೆ ಅತ್ಯುತ್ತಮ ಅಲ್ಲವೇ? ನನ್ನ ಮೂರು ಅಂಕಕ್ಕೆ ನಾಚಿಕೆಯಾಯಿತು.

ಉತ್ತರ

ನಾಚಿಕೆ ಬೇಡ. ಆವತ್ತಿನ ಲೋಟದಲ್ಲಿದ್ದ ಬಿಯರಿಗೆ ಆವತ್ತಿನ ಮೂರು ಸರಿಯೇ. ಟಿಪ್ಪಣಿ ನನ್ನ ಜೊತೆ ಕೂರುವ ಕೆಲವು ತೀರ್ಪುಗಾರರದ್ದಕ್ಕಿಂತ ಚೆನ್ನಾಗಿದೆ, ನಡುಮನೆಯ ಈರುಳ್ಳಿಯನ್ನು ನಾನು ಕದಿಯುತ್ತೇನೆ.

ಕುಡಿಯದ ಬಿಯರಿಗೆ ಅಂಕ ಕೊಡುವುದು ನನ್ನ ಕೆಲಸವಲ್ಲ, ಆದರೆ ನಿಮ್ಮ ಬರಹಕ್ಕೂ ಅಂಕಕ್ಕೂ ಒಂದು ಕಡೆ ತಾಳೆಯಾಗುತ್ತಿಲ್ಲ. ಕೊನೆಯ ಕಾಲು ಗ್ಲಾಸ್ ಬೇಡವಾಯಿತು ಎಂದ ಬಿಯರಿಗೆ ಒಟ್ಟಾರೆ ಹತ್ತಕ್ಕೆ ಏಳು ಹೇಗೆ? ಡಬಲ್ ಐಪಿಎಯ ನಿಜವಾದ ಪರೀಕ್ಷೆ ಇರುವುದೇ ಅಲ್ಲಿ. ಮೊದಲ ಮೂಸಿಗೆ ಮಾವು ಬರಿಸುವುದು ಹಾಪ್ಸ್ ಕೊಳ್ಳುವ ದುಡ್ಡಿದ್ದವರಿಗೆಲ್ಲ ಸಾಧ್ಯ. ಶೇಕಡಾ 8 ದಾಟಿದ ಬಿಯರನ್ನು, ಬಿಸಿಯೇರಿದ ಮೇಲೂ, ಇನ್ನೊಂದು ಗುಟುಕು ಬೇಕು ಎನ್ನಿಸುವಂತೆ ಬಾಯಲ್ಲಿ ಸಿಹಿ ಉಳಿಸದೆ ಮುಗಿಸುವುದು ಕಸುಬು ಬಲ್ಲವರ ಕೆಲಸ. ಮೊಬೈಲಿನ ನಾಲ್ಕೂವರೆಗಳೆಲ್ಲ ಎರಡನೆಯ ಗುಟುಕಿನಲ್ಲೇ ಹುಟ್ಟುತ್ತವೆ, ಅದಕ್ಕೇ ನನಗೆ ಅವುಗಳ ಮೇಲೆ ನಂಬಿಕೆಯಿಲ್ಲ.

ಇನ್ನೊಂದು ಮಾತು. ಒಂದು ಕ್ಯಾನಿನಲ್ಲಿ ಸುಮಾರು 30 ಗ್ರಾಂ ಆಲ್ಕೋಹಾಲ್ ಇದೆ, ನಿಮ್ಮ ಅಮೆರಿಕದ ಲೆಕ್ಕದಲ್ಲಿ ಎರಡು ಪೇಯಕ್ಕೂ ಮೀರಿದ್ದು. ರುಚಿ ನೋಡಲು 90 ಮಿಲಿಲೀಟರ್ ಸಾಕು. ಆ ಸಂಜೆ ಕಾರಿನ ಕೀಲಿ ಮುಟ್ಟಬೇಡಿ.

ಪ್ರಶ್ನೆ ಕೇಳಿದವರು

ಒಟ್ಟಾರೆ 5ಕ್ಕೆ ಇಳಿಸಿದೆ ಸರ್. 37 ಆಯಿತು, ಅತ್ಯುತ್ತಮದಿಂದ ಒಂದು ಮೆಟ್ಟಿಲು ಕೆಳಗೆ. ಉಳಿದ ಕಾಲು ಗ್ಲಾಸನ್ನು ಚೆಲ್ಲಲಿಲ್ಲ, ಸ್ನೇಹಿತ ಕುಡಿದ. ಅವನದು ಈಗಲೂ ನಾಲ್ಕೂವರೆಯೇ.