ಯುದ್ಧಭೂಮಿಗೆ ಹೋಗಿಬಂದ ಮೀಸಲು ಯೋಧರು ಸೇವೆಯಲ್ಲಿ ಉಳಿಯುತ್ತಾರೆಯೇ?

ಪ್ರಶ್ನೆ:
ಅಮೆರಿಕದ ಮೀಸಲು ಪಡೆಗಳಾದ ನ್ಯಾಷನಲ್ ಗಾರ್ಡ್ ಅಥವಾ ಆರ್ಮಿ ರಿಸರ್ವ್‌ಗೆ ಸೇರುವವರು ಸಾಮಾನ್ಯವಾಗಿ ತಿಂಗಳಿಗೊಂದು ವಾರಾಂತ್ಯ ಮತ್ತು ವರ್ಷಕ್ಕೆ ಎರಡು ವಾರಗಳ ತರಬೇತಿಯ ಲೆಕ್ಕದಲ್ಲಿ ಸೇರುತ್ತಾರೆ. 2001ರ ನಂತರ ಇವರನ್ನು ದೊಡ್ಡ ಸಂಖ್ಯೆಯಲ್ಲಿ ಅಫ್ಘಾನಿಸ್ತಾನ, ಇರಾಕ್‌ಗಳಿಗೆ ಕಳುಹಿಸಲಾಯಿತು. ಹಾಗೆ ಹೋಗಿಬಂದವರು ಅವಧಿ ಮುಗಿದೊಡನೆ ಸೇವೆ ಬಿಡುತ್ತಾರೆಂದು ನಾನು ಎಣಿಸಿದ್ದೆ. ಆದರೆ ಅನೇಕರು ಮತ್ತೆ ಒಪ್ಪಂದಕ್ಕೆ ಸಹಿ ಹಾಕಿದರು. ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಉತ್ತರ 1:
ಮೊದಲು, ಎಷ್ಟು ಜನ ಉಳಿದರೆಂದು ಲೆಕ್ಕ ಹಾಕುವ ಸಮಯವನ್ನು ಗಮನಿಸಿ. ಆ ವರ್ಷಗಳಲ್ಲಿ ಜಾರಿಯಲ್ಲಿದ್ದ ‘ಸ್ಟಾಪ್ ಲಾಸ್’ ಆದೇಶದಿಂದಾಗಿ, ಒಪ್ಪಂದದ ಅವಧಿ ಮುಗಿದಿದ್ದರೂ ತುಕಡಿಯೊಂದಿಗೆ ಹೊರಟ ಯೋಧ ಹಿಂದಿರುಗುವವರೆಗೆ ಸೇವೆ ಬಿಡುವಂತಿರಲಿಲ್ಲ. ಸೇನೆ ಅದನ್ನು ಹಂತಹಂತವಾಗಿ ಕೈಬಿಡತೊಡಗಿದ್ದು 2009ರಲ್ಲಿ. ಹೀಗಾಗಿ ನಿಯೋಜನೆಯ ನಡುವೆ ಎಣಿಸಿದರೆ ಬಿಟ್ಟುಹೋದವರೇ ಕಾಣುವುದಿಲ್ಲ. ಜೊತೆಗೆ, ಯುದ್ಧವಲಯದಲ್ಲಿರುವಾಗಲೇ ಸಹಿ ಹಾಕಿದ ಸಾಮಾನ್ಯ ಸೈನಿಕರಿಗೆ ಮರುಒಪ್ಪಂದದ ಬೋನಸ್ ಮೇಲೆ ಆದಾಯ ತೆರಿಗೆಯಿಲ್ಲ. ಹೇಗೂ ಮುಂದುವರಿಯಬೇಕೆಂದಿದ್ದವರು ಅಲ್ಲೇ ಸಹಿ ಹಾಕಿದ್ದನ್ನು ನಿಯೋಜನೆಯ ಫಲವೆನ್ನುವುದು ನನಗೆ ಸರಿಕಾಣುವುದಿಲ್ಲ. ಮನೆಗೆ ಮರಳಿ ಒಂದೆರಡು ವರ್ಷ ಕಳೆದ ಮೇಲಿನ ಎಣಿಕೆಯೇ ಹೆಚ್ಚು ನಂಬಲರ್ಹ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೂ ನಿಜವಾದ ಸೆಳೆತವೂ ಇದೆ. ಕಲಿತ ಕೆಲಸವನ್ನು ಮೊದಲ ಬಾರಿಗೆ ನಿಜವಾಗಿ ಮಾಡಿದ ತೃಪ್ತಿ, ಜೊತೆಗಾರರ ಬಾಂಧವ್ಯ, ಹೆಚ್ಚುವರಿ ಭತ್ಯೆ ಇವೆಲ್ಲ ಮನಸ್ಸನ್ನು ಹಿಡಿದಿಡುತ್ತವೆ. ಅದನ್ನು ಸಡಿಲಿಸುವುದು ಅವಧಿಯ ದೀರ್ಘತೆ ಮತ್ತು ಅನಿಶ್ಚಿತತೆ. ಇರಾಕಿನಲ್ಲಿ ಒಂದು ವರ್ಷವೆಂದರೂ, ಮುಂಚಿನ ತರಬೇತಿಯೂ ಸೇರಿ ಗಾರ್ಡ್ ಯೋಧರು ಸುಮಾರು 18 ತಿಂಗಳು ಮನೆಯಿಂದ ದೂರವಿರಬೇಕಾಗುತ್ತಿತ್ತು. 2007ರ ಜನವರಿಯಲ್ಲಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಮೀಸಲು ಯೋಧರನ್ನು ಕಡ್ಡಾಯವಾಗಿ ಸೇವೆಗೆ ಕರೆಯುವುದನ್ನು ಒಂದು ಬಾರಿಗೆ 12 ತಿಂಗಳಿಗೆ ಸೀಮಿತಗೊಳಿಸಿ, ಒಂದು ವರ್ಷದ ಸೇವೆಗೆ ಐದು ವರ್ಷಗಳ ಬಿಡುವು ಎಂಬ ಗುರಿಯಿಟ್ಟರು. ಕುಟುಂಬಗಳಿಗೆ ಬೇಕಿದ್ದದ್ದು ಇಂಥ ಖಚಿತತೆಯೇ.

ಉತ್ತರ 3:
ಉದ್ಯೋಗದ ಬಗೆಯನ್ನೂ ನೋಡಬೇಕು. 1994ರ ಕಾನೂನಿನ ಪ್ರಕಾರ ಹಿಂದಿರುಗಿದ ಯೋಧನಿಗೆ ಹಳೆಯ ಕೆಲಸವನ್ನು ಮರಳಿ ಕೊಡಬೇಕು, ಆದರೆ ಸ್ವಂತ ಅಂಗಡಿ ನಡೆಸುವವನ ಗ್ರಾಹಕರನ್ನು ಯಾವ ಕಾನೂನೂ ಕಾಯ್ದಿಡಲಾರದು. ಅದೇ ರೀತಿ, 15 ವರ್ಷ ಪೂರೈಸಿದವನಿಗೆ 20 ವರ್ಷದ ಸೇವೆಗೆ ಸಿಗುವ ಪಿಂಚಣಿಯ ಅರ್ಹತೆ ಹತ್ತಿರದಲ್ಲಿದೆ. ಮೊದಲ ಒಪ್ಪಂದದಲ್ಲಿರುವ ಯುವಕನಿಗೆ ಹಾಗಿಲ್ಲ. ಇವರಿಬ್ಬರನ್ನೂ ಸೇರಿಸಿ ತೆಗೆದ ಸರಾಸರಿಯಿಂದ ನಿಮ್ಮ ಪ್ರಶ್ನೆಗೆ ಉತ್ತರ ಸಿಗದು.